ತಮ್ಮನ ಸೈಡು

ಲಾರಿಯವರ ಮಾತಿನಲ್ಲಿ ಬಲ, ಎಡ ಎಂಬುದಿಲ್ಲ. ಬಲಗಡೆ ಡ್ರೈವರ್ ಕೂರುತ್ತಾನೆ, ಅದು ಡ್ರೈವರ್ ಸೈಡು. ಎಡಗಡೆ ಕ್ಲೀನರ್ ಕೂರುತ್ತಾನೆ, ಅದು ಕ್ಲೀನರ್ ಸೈಡು. 'ರೈಟ್' ಎಂದರೆ ಬಲ ಅಲ್ಲವೇ ಅಲ್ಲ. ಅಡ್ಡಿಯಿಲ್ಲ, ಹೋಗಲಿ ಎಂದರ್ಥ. ಇದು ಗೊತ್ತಿಲ್ಲದ ನೆಂಟನೊಬ್ಬ ಒಮ್ಮೆ ನಮ್ಮ ಗಾಡಿಯ ಹಿಂದೆ ನಿಂತು, ಬಲಕ್ಕೆ ತಿರುಗಲಿ ಎಂಬ ಆಸೆಯಲ್ಲಿ "ರೈಟ್, ರೈಟ್" ಎಂದು ಕೂಗಿದ. ಗಾಡಿ ನೆಟ್ಟಗೆ ಹಿಂದಕ್ಕೆ ಹೋಗಿ ಮದುವೆ ಮನೆಯ ಕೊಟ್ಟಿಗೆ ಗೋಡೆಗೆ ಗುದ್ದಿತು. ಆಮೇಲೆ ಅವನನ್ನು ಅಡುಗೆಯವರ ಹತ್ತಿರ ತೆಂಗಿನಕಾಯಿ ತುರಿಯಲು ಕಳಿಸಿದೆವು.

ನಮ್ಮ ಮನೆಯ ಗಾಡಿಯಲ್ಲಿ ಮಾತ್ರ ಬೇರೆ ರೂಢಿ ಇತ್ತು. ಓಡಿಸುವವನು ನನ್ನ ಅಣ್ಣ. ಹಿಂದೆ ನಿಂತು ದಾರಿ ಹೇಳುವವನು ನಾನು. ಇಬ್ಬರದೂ ಸಮಪಾಲಿನ ವ್ಯವಹಾರ, ಇದರಲ್ಲಿ ಡ್ರೈವರ್ ಯಾರು ಕ್ಲೀನರ್ ಯಾರು? ಹಾಗಾಗಿ ಮೊದಲ ದಿನದಿಂದಲೂ ಬಲಕ್ಕೆ ಅಣ್ಣನ ಸೈಡು, ಎಡಕ್ಕೆ ತಮ್ಮನ ಸೈಡು ಎನ್ನುತ್ತಿದ್ದೆವು. "ಸ್ವಲ್ಪ ಅಣ್ಣಂಗೆ ಕೊಡು... ಬರ್ಲಿ, ಬರ್ಲಿ... ಈಗ ತಮ್ಮಂಗೆ... ರೈಟ್, ರೈಟ್... ಹೋಲ್ಡಾನ್!" ಎಂದು ನಾನು ಕೂಗುತ್ತಿದ್ದರೆ ಕೇಳಿದವರು ನಗುತ್ತಿದ್ದರು. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಸಾಗರದಿಂದ ಹೆಗ್ಗೋಡಿನ ಕಡೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಶೆಡ್ಡು. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಸೌಂಡು, ಜನರೇಟರ್. ಕುರ್ಚಿ ಪಾತ್ರೆಗಳೆಲ್ಲ ಲಾರಿಯ ಹೊಟ್ಟೆಗೆ. ಜನರೇಟರಿಗೆ ಮಾತ್ರ ಎರಡು ಚಕ್ರದ ಸ್ವಂತ ಟ್ರಾಲಿ, ಅದು ಲಾರಿಯ ಹಿಂದೆ ಹುಕ್ಕಿಗೆ ಸಿಕ್ಕಿಕೊಂಡು ಬರುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ನಾವು ಚಪ್ಪರ ಹಾಕದ ಊರು ಕಡಿಮೆ. ಘಟ್ಟ ಇಳಿದು ಹುಲಿಕಲ್ಲಿನ ಆಚೆಗೂ ಹೋಗುತ್ತಿದ್ದೆವು. ಮಲೆನಾಡಿನಲ್ಲಿ ಮದುವೆಗೆ ಮುಹೂರ್ತ ಇಟ್ಟಷ್ಟೇ ಖಚಿತವಾಗಿ ಕರೆಂಟು ಹೋಗುವುದಕ್ಕೂ ಒಂದು ಮುಹೂರ್ತ ಇರುತ್ತದೆ, ಆದ್ದರಿಂದ ಚಪ್ಪರ ಬೇಡ ಎಂದವರೂ ಜನರೇಟರ್ ಬೇಕು ಎನ್ನುತ್ತಿದ್ದರು.

ಟ್ರಾಲಿ ಎಳೆಯುವುದು ನೋಡಿದಷ್ಟು ಸುಲಭದ ಕೆಲಸವಲ್ಲ. ನಮ್ಮಪ್ಪ ಎತ್ತಿನ ಗಾಡಿ ಹೊಡೆದವರು. ಭಾರ ಯಾವಾಗಲೂ ಚಕ್ರಕ್ಕಿಂತ ತುಸು ಮುಂದಿರಬೇಕು ಎನ್ನುವುದನ್ನು ನಮಗೆ ಕಲಿಸಿದ್ದು ಅವರೇ. ಮುಂಭಾರ ಹೆಚ್ಚಾದರೆ ಎಳೆಯುವವನ ಬೆನ್ನು ಬಗ್ಗುತ್ತದೆ, ಹಿಂಭಾರವಾದರೆ ಗಾಡಿ ಬಾಲ ಆಡಿಸುತ್ತದೆ. ಬಾಲ ಆಡಿಸುವ ಟ್ರಾಲಿಯನ್ನು ಬ್ರೇಕು ಒತ್ತಿ ನಿಲ್ಲಿಸಲು ಹೋದರೆ ಅದು ಇನ್ನೂ ಹಟ ಮಾಡುತ್ತದೆ. ಕಾಲು ತೆಗೆದು, ಸ್ಟೇರಿಂಗ್ ನೆಟ್ಟಗೆ ಹಿಡಿದು, ತಾನಾಗಿ ಸಮಾಧಾನವಾಗುವ ತನಕ ಕಾಯಬೇಕು. ಹುಕ್ಕಿಗೆ ಪಿನ್ನು ಹಾಕಿ, ಪಿನ್ನಿಗೆ ಲಾಕು ಹಾಕಿ, ಅದರ ಮೇಲೂ ನಂಬಿಕೆಯಿಲ್ಲದೆ ಎರಡು ಸರಪಳಿಗಳನ್ನು ಅಡ್ಡಡ್ಡ ಬಿಗಿಯಬೇಕು. ಟ್ರಾಲಿ ಬಿಚ್ಚುವ ಮೊದಲು ಚಕ್ರಕ್ಕೆ ಕಲ್ಲು ಕೊಡಬೇಕು. ಇವೆಲ್ಲ ನನ್ನ ಕೆಲಸ. ಅಣ್ಣ ಇಳಿದು ಬಂದು, ನಾನು ಬಿಗಿದ ಸರಪಳಿಯನ್ನು ಮತ್ತೊಮ್ಮೆ ಎಳೆದು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅವನು ಒಂದು ಸಲವೂ ನೋಡದೆ ಹೊರಟಿದ್ದಿಲ್ಲ.

ಮುಂದಕ್ಕೆ ಎಳೆಯುವುದು ಹೇಗೋ ಆಯಿತು, ಕಷ್ಟ ಇರುವುದು ಹಿಂದಕ್ಕೆ ಬಿಡುವುದರಲ್ಲಿ. ಲಾರಿಯನ್ನು ಬಲಕ್ಕೆ ತಿರುಗಿಸಿದರೆ ಟ್ರಾಲಿ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಒಂದು ಗೇಣು ಜಾಸ್ತಿ ತಿರುಗಿಸಿದರೂ ಟ್ರಾಲಿ ಮಡಚಿಕೊಂಡು ಲಾರಿಯ ಪಕ್ಕೆಗೆ ಬಂದು ತಿವಿಯುತ್ತದೆ. ಇದಿಷ್ಟೂ ನಡೆಯುವಾಗ ಓಡಿಸುವವನಿಗೆ ಟ್ರಾಲಿಯ ಹಿಂಬದಿ ಕಾಣುವುದೇ ಇಲ್ಲ. ಅವನಿಗೆ ಇರುವುದು ಹಿಂದೆ ನಿಂತವನ ಧ್ವನಿ ಮಾತ್ರ. ಆ ಧ್ವನಿ ನನ್ನದಾಗಿತ್ತು. ಹೇಳಿದರೆ ಜಂಬವಾದೀತು, ಆದರೂ ಹೇಳುತ್ತೇನೆ, ಸಿಗಂದೂರಿನ ಲಾಂಚಿಗೆ ನಮ್ಮ ಗಾಡಿ ಹತ್ತುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಆಗ ಶರಾವತಿ ಹಿನ್ನೀರಿಗೆ ಸೇತುವೆ ಇರಲಿಲ್ಲ, ಗಾಡಿಗಳನ್ನು ಲಾಂಚೇ ಹೊತ್ತು ದಾಟಿಸುತ್ತಿತ್ತು. ಆಚೆ ದಡದಲ್ಲಿ ಮುಖ ಮುಂದಾಗಿ ಇಳಿಯಬೇಕೆಂದು ನಾವು ಟ್ರಾಲಿಯ ಸಮೇತ ಹಿಂದುಹಿಂದಾಗಿ ಲಾಂಚು ಹತ್ತುತ್ತಿದ್ದೆವು. ನಾನು ಲಾಂಚಿನ ಒಳಗೆ ನಿಂತು ಕೂಗುತ್ತಿದ್ದೆ, ಅಣ್ಣ ಕನ್ನಡಿಯನ್ನೂ ನೋಡದೆ ನನ್ನ ಧ್ವನಿಯ ಮೇಲೆಯೇ ಬರುತ್ತಿದ್ದ. ದೇವಸ್ಥಾನಕ್ಕೆ ಹೊರಟವರು ಕಾರಿನಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಜೀವನದಲ್ಲಿ ಇನ್ನೊಬ್ಬ ಮನುಷ್ಯ ನನ್ನ ಮಾತನ್ನು ಅಷ್ಟು ನಂಬಿದ್ದು ಅಲ್ಲಿ ಮಾತ್ರ.

ಹೀಗಿದ್ದ ನಾವು ಮಾತು ಬಿಟ್ಟದ್ದು ಒಂದೇ ಒಂದು ಶಬ್ದಕ್ಕೆ.

ತೀರ್ಥಹಳ್ಳಿ ಕಡೆಯ ದೊಡ್ಡ ಮನೆಯೊಂದರ ಮದುವೆ. ಎರಡು ಅಡಿಕೆ ಮರಗಳ ನಡುವಿನ ಸಂದಿಯಲ್ಲಿ ಟ್ರಾಲಿಯನ್ನು ನುಗ್ಗಿಸಿ ನಿಲ್ಲಿಸಿ, ಬೆವರು ಒರೆಸಿಕೊಂಡು ನಿಂತಿದ್ದೆವು. ಮನೆಯ ಯಜಮಾನರು ಒಳ್ಳೆಯವರು, ತಾವೇ ಬಂದು ಊಟಕ್ಕೆ ಕರೆದರು. ನನ್ನ ಕಡೆ ನೋಡಿ, "ಇವ್ರು ಯಾರು, ಗೊತ್ತಾಗ್ಲಿಲ್ಲ" ಎಂದರು. ಅಣ್ಣ ಎಲೆಯಡಿಕೆ ತುಂಬಿದ ಬಾಯಲ್ಲಿ ನಗುತ್ತ, "ಅವ್ನಾ? ಅವ ನಮ್ ಕ್ಲೀನರ್" ಎಂದ.

ತಮಾಷೆಗೇ ಹೇಳಿದ್ದು. ನನಗೂ ಗೊತ್ತಿತ್ತು. ಆದರೆ ಯಜಮಾನರು ಅದನ್ನು ನಿಜವೆಂದುಕೊಂಡು, "ಹಾಗಾದ್ರೆ ಕ್ಲೀನರಿಗೆ ಅಲ್ಲೇ ಹಿಂದ್ಗಡೆ ಆಳುಗಳ ಜೊತೆ ಬಡಿಸ್ತಾರೆ, ಕಳ್ಸಿ" ಎಂದರು. ಅವರ ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದವರು ನನ್ನ ಹೆಂಡತಿಯ ಅಣ್ಣ. ಅವರು ಆ ಮದುವೆಗೆ ನೆಂಟರಾಗಿ ಬಂದಿದ್ದರು. ಅವರೂ ನಕ್ಕರು. ಮುಂದಿನ ವಾರದೊಳಗೆ ನನ್ನ ಮಾವನ ಮನೆಯಲ್ಲಿ ಮಕ್ಕಳ ಸಮೇತ ಎಲ್ಲರೂ ನನಗೆ ಕ್ಲೀನರ್ ಮಾವ ಎಂದು ಹೆಸರಿಟ್ಟಿದ್ದರು. ಅಣ್ಣ ಆ ಕ್ಷಣದಲ್ಲೇ, "ಅಲ್ಲ, ನನ್ ತಮ್ಮ" ಎಂದು ಒಂದು ಮಾತು ತಿದ್ದಿದ್ದರೆ ಮುಗಿಯುತ್ತಿತ್ತು. ಅವನು ಕೈತೊಳೆಯಲು ಹೋದ. ನಾನು ಊಟ ಮಾಡಲಿಲ್ಲ.

ನಮ್ಮ ವಂಶದಲ್ಲಿ ಸಿಟ್ಟು ಬಂದರೆ ಹೊಡೆದಾಡುವುದಿಲ್ಲ, ಮಾತು ಬಿಡುತ್ತೇವೆ. ನಮ್ಮ ಅಜ್ಜ ಭಾವನೊಂದಿಗೆ ಮಾತು ಬಿಟ್ಟವರು ಸಾಯುವ ತನಕ ಆಡಲಿಲ್ಲವೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಆ ಹೆಮ್ಮೆಯ ಮೊಮ್ಮಗ. ಅವನೇ ಮೊದಲು ಮಾತಾಡಲಿ, ಆಮೇಲೆ ನೋಡೋಣ ಎಂದುಕೊಂಡೆ. ಅವನೂ ಅದೇ ಅಜ್ಜನ ಮೊಮ್ಮಗ ಎನ್ನುವುದು ಹೊಳೆಯಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ವ್ಯವಹಾರ ಮಾತ್ರ ನಿಲ್ಲಲಿಲ್ಲ. ಮನೆಗಳು ಅಕ್ಕಪಕ್ಕ, ಅಂಗಳ ಒಂದೇ. ಅಣ್ಣ ಅತ್ತಿಗೆಗೆ ಹೇಳುವನು, ಅತ್ತಿಗೆ ನನ್ನ ಹೆಂಡತಿಗೆ, ಹೆಂಡತಿ ನನಗೆ. "ನಾಳೆ ಹೊಸನಗರದ ಕಡೆ ನಾಮಕರಣ ಅಂತೆ, ದೊಡ್ಡ ಹಂಡೆ ಎರಡು ಬೇಕಂತೆ" ಎಂಬ ಸುದ್ದಿ ಆ ಕಡೆಯ ಜಗಲಿಯಿಂದ ಈ ಕಡೆಯ ಜಗಲಿಗೆ ಬರಲು ಅರ್ಧ ದಿನ ಬೇಕಾಗುತ್ತಿತ್ತು, ಅಷ್ಟರಲ್ಲಿ ಹಂಡೆ ಎರಡು ಇದ್ದದ್ದು ನಾಲ್ಕಾಗಿರುತ್ತಿತ್ತು. ಹೆಂಗಸರಿಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಮ್ಮನ್ನು ಆಡಿಕೊಂಡು ನಗುತ್ತಿದ್ದರು. "ಇವ್ರಿಬ್ರಿಗಿಂತ ಆ ಜನರೇಟರೇ ವಾಸಿ, ಹಗ್ಗ ಎಳೆದ್ರೆ ಆದ್ರೂ ಬಾಯಿ ಬಿಡ್ತದೆ" ಎಂದು ಅತ್ತಿಗೆ ನನಗೆ ಕೇಳಿಸುವ ಹಾಗೆಯೇ ಹೇಳಿದರು.

ಆದರೆ ಟ್ರಾಲಿ ಹಿಂದೆ ಬಿಡುವಾಗ ಮಾತಾಡದೆ ಗತಿಯಿಲ್ಲ. ಅದು ಮಾತಲ್ಲ, ಕೆಲಸ ಎಂದು ಇಬ್ಬರೂ ಒಳಗೊಳಗೇ ತೀರ್ಮಾನ ಮಾಡಿಕೊಂಡಿರಬೇಕು. ಮೊದಲ ಸಲ ನಾನು ಹಿಂದೆ ನಿಂತಾಗ, ಬೇಕೆಂದೇ ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದೆ. "ಡ್ರೈವರ್ ಸೈಡ್ ಬರ್ಲಿ! ಕ್ಲೀನರ್ ಸೈಡ್ ಕೊಡಿ! ಕ್ಲೀನರ್ ಸೈಡ್!" ಅಣ್ಣನಿಗೆ ಬಹುವಚನ ಹಚ್ಚಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಲಾರಿ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಸರಿಯಾಗಿ, ಒಂದು ಬೆರಳಿನಷ್ಟೂ ತಪ್ಪದೆ, ನಾನು ಹೇಳಿದ ಜಾಗಕ್ಕೆ ಬಂತು. ಅಂದಿನಿಂದ ನಮ್ಮ ಗಾಡಿಗೂ ಎಲ್ಲರ ಗಾಡಿಯ ಹಾಗೆ ಡ್ರೈವರ್ ಸೈಡು, ಕ್ಲೀನರ್ ಸೈಡು ಬಂತು. ನಾನು ಗೆದ್ದೆ ಎಂದುಕೊಂಡೆ.

ವರ್ಷಗಳು ಹೋದವು. ಕೂಗುವುದರಲ್ಲಿದ್ದ ಕಾರ ಇಳಿಯುತ್ತ ಬಂತು. ಬರ್ಲಿ, ಕೊಡಿ, ರೈಟ್, ಹೋಲ್ಡಾನ್, ಈ ನಾಲ್ಕು ಶಬ್ದಗಳಲ್ಲೇ ನಾನು ಏನೇನೋ ಹೇಳಲು ಕಲಿತಿದ್ದೆ. ಅತ್ತಿಗೆಯ ಆಪರೇಶನ್ ಆದ ವಾರ ನಾನು "ಬರ್ಲಿ" ಎಂದದ್ದರಲ್ಲಿ ಅವಸರವೇ ಇರಲಿಲ್ಲ, ನಿಧಾನಕ್ಕೆ ಬಾ, ನಾನಿದ್ದೇನೆ ಎಂಬಂತೆ ಹೇಳಿದ್ದೆ. ಅವನ ಮಗಳ ಮದುವೆಗೆ ನಮ್ಮದೇ ಚಪ್ಪರ. ಆ ದಿನ "ಹೋಲ್ಡಾನ್" ಎಂಬುದನ್ನು ಹರಸಿದ ಹಾಗೆ ಎಳೆದು ಕೂಗಿದ್ದೆ. ಅವನಿಗೆ ಅದು ತಿಳಿಯುತ್ತಿತ್ತು ಎಂದು ನಾನು ನಂಬಿದ್ದೇನೆ. ಉತ್ತರವಾಗಿ ಒಂದು ಸಣ್ಣ ಹಾರ್ನು ಹೊಡೆಯುತ್ತಿದ್ದ, ಅಷ್ಟೇ.

ಘಟ್ಟದಲ್ಲಿ ಮಾತ್ರ ಆ ನಾಲ್ಕು ಶಬ್ದ ಸಾಲುತ್ತಿರಲಿಲ್ಲ. ಹುಲಿಕಲ್ಲಿನ ಇಳಿಜಾರಿನಲ್ಲಿ ಬೆನ್ನ ಹಿಂದೆ ಜನರೇಟರ್ ಇದ್ದರೆ ಅದು ಬರೀ ಹಿಂದೆ ಬರುವುದಿಲ್ಲ, ದೂಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅರ್ಧ ಘಟ್ಟದಲ್ಲಿ ಬ್ರೇಕು ಕಾದು ಕೈಕೊಡುತ್ತದೆ. ಒಂದು ಮಳೆಗಾಲದ ಆರಂಭದಲ್ಲಿ ಹೀಗೆ ಇಳಿಯುವಾಗ ನನ್ನ ಮೂಗಿಗೆ ಬ್ರೇಕಿನ ಸುಟ್ಟ ವಾಸನೆ ಬಂತು. ಹೇಳುವುದು ಹೇಗೆ? ಮುಂದಿನ ಗಾಜಿನ ಕೆಳಗೆ ಸಿಗಂದೂರಿನ ಚೌಡಮ್ಮನ ಫೋಟೋ ಇತ್ತು. ನಾನು ಫೋಟೋಕ್ಕೆ ಕೈಮುಗಿದು, "ತಾಯೀ, ಬ್ರೇಕ್ ವಾಸ್ನೆ ಬರ್ತಾ ಇದ್ಯಲ್ಲ" ಎಂದೆ. ಅಣ್ಣನೂ ಕಣ್ಣು ರಸ್ತೆಯ ಮೇಲೇ ಇಟ್ಟು, "ಹೌದು ತಾಯೀ, ಮುಂದಿನ್ ತಿರುವಲ್ಲಿ ಸ್ವಲ್ಪ ನಿಲ್ಸಣ" ಎಂದ. ನಿಲ್ಲಿಸಿದೆವು. ನಾನು ಕಲ್ಲು ಕೊಟ್ಟೆ. ಬ್ರೇಕು ತಣಿಯುವ ತನಕ ಅವನು ಆ ಬದಿಯ ಕಾಡು ನೋಡಿದ, ನಾನು ಈ ಬದಿಯ ಕಾಡು ನೋಡಿದೆ. ಮುಂದೆ ಬೇಕಾದಾಗಲೆಲ್ಲ ತಾಯಿಯ ಮೂಲಕವೇ ವ್ಯವಹಾರ ನಡೆಯಿತು. ಡೀಸೆಲ್ ಹಾಕಿಸುವುದನ್ನೂ ಅವಳಿಗೇ ನೆನಪಿಸುತ್ತಿದ್ದೆವು.

ಹಳೆಯ ಲಾರಿ ಮುದಿಯಾಯಿತು. ಹೊಸ ಪಿಕಪ್ ಬಂತು. ಗಾಡಿ ಪೂಜೆಯ ದಿನ ಅಣ್ಣನ ಅಳಿಯ ಒಂದು ಉಡುಗೊರೆ ತಂದ, ಟ್ರಾಲಿಯ ಹಿಂಬದಿಗೆ ಹಾಕುವ ಕ್ಯಾಮೆರಾ. ಅಂಗಿಯ ಗುಂಡಿಯಷ್ಟು ದೊಡ್ಡ ಕಣ್ಣು. ಅದರ ವಯರನ್ನು ಹಿಂದಿನ ದೀಪದ ವಯರಿನ ಜೊತೆಗೇ ಎಳೆದು, ಡ್ರೈವರನ ಮುಂದೆ ಸ್ಕ್ರೀನು ಕೂರಿಸಿದರು. ಸ್ಕ್ರೀನಿಗೆ ಜಾಗ ಬೇಕಲ್ಲ, ಚೌಡಮ್ಮನನ್ನು ಹಿಂದಿನ ಗಾಜಿಗೆ ಕಳಿಸಿದರು. ಅಳಿಯ ಸಂಭ್ರಮದಿಂದ, "ಇನ್ಮೇಲೆ ಯಾರೂ ಹಿಂದೆ ನಿಂತು ಕೂಗೋದು ಬೇಡ ಮಾವ, ಎಲ್ಲಾ ಇಲ್ಲೇ ಕಾಣ್ತದೆ" ಎಂದ. ಮುಗ್ಧ ಹುಡುಗ, ಅವನದೇನೂ ತಪ್ಪಿಲ್ಲ. ಅಣ್ಣ ಸ್ಕ್ರೀನನ್ನು ನೋಡಿದ, ಒಮ್ಮೆ ನನ್ನ ಕಡೆಯೂ ನೋಡಿದ ಹಾಗಿತ್ತು. ನಾನು ಚಕ್ರದ ಕೆಳಗಿನ ನಿಂಬೆಹಣ್ಣನ್ನು ನೋಡುತ್ತಿದ್ದೆ.

ಅಣ್ಣ ನನ್ನ ಬಾಯಿಗೆ ಬೀಗ ಹಾಕಿಸಿದ ಎಂದೇ ನಾನು ತಿಳಿದೆ. ಬೇಡ ಎಂದು ಹೇಳಬಹುದಿತ್ತಲ್ಲ ಅವನು? ಅಳಿಯನ ಉಡುಗೊರೆಯನ್ನು ಬೇಡ ಎನ್ನುವುದು ಯಾವ ಮಾವನಿಗೂ ಆಗದ ಕೆಲಸವೆಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ.

ಅಲ್ಲಿಗೆ ಆ ನಾಲ್ಕು ಶಬ್ದವೂ ಹೋದವು. ಗಾಡಿ ಊರು ಮುಟ್ಟಿದ ಕೂಡಲೇ ನಾನು ಇಳಿದು ಕಂಬ ಹೊರಲು ಹೋಗುತ್ತಿದ್ದೆ. ಅಣ್ಣ ಸ್ಕ್ರೀನು ನೋಡಿಕೊಂಡು ತಾನೇ ಹಿಂದೆ ಬಿಡುತ್ತಿದ್ದ. ಅದು ನೆಲವನ್ನು ತೋರಿಸುತ್ತದೆ, ನೆಲ ಗಟ್ಟಿಯೋ ಮೆತ್ತಗೋ ಎನ್ನುವುದನ್ನು ತೋರಿಸುವುದಿಲ್ಲ. ಮೇಲಿನ ಹೆಂಚಿನ ಮಾಡಿನ ತುದಿ, ತಗ್ಗಿದ ಕೊಂಬೆ ಅದಕ್ಕೆ ಕಾಣುವುದಿಲ್ಲ. ಜನರೇಟರಿನ ತಗಡಿನ ಮೇಲೆ ಗೀರುಗಳು ಬೀಳತೊಡಗಿದವು. ಒಂದೊಂದು ಹೊಸ ಗೀರು ಕಂಡಾಗಲೂ ನನ್ನೊಳಗೆ ಒಂದು ಕೆಟ್ಟ ಸಂತೋಷ ಆಗುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗುತ್ತಿದ್ದದ್ದು ಹೌದು.

ಹಿನ್ನೀರಿಗೆ ಸೇತುವೆ ಆದ ಮೇಲಿನ ಬೇಸಿಗೆಯಲ್ಲಿ ಆಚೆ ದಡದ ಒಂದು ಊರಿನಿಂದ ಗೃಹಪ್ರವೇಶಕ್ಕೆ ಕರೆ ಬಂತು. ಲಾಂಚಿನ ಸರದಿ, ಹತ್ತಿಸುವುದು, ಇಳಿಸುವುದು ಯಾವುದೂ ಇಲ್ಲದೆ ಗಾಡಿ ಸಲೀಸಾಗಿ ಸೇತುವೆ ದಾಟಿತು. ನಾನು ಕಿಟಕಿಯಿಂದ ಹಳೆಯ ದಡದ ಕಡೆ ನೋಡಿದೆ. ಅಣ್ಣನೂ ಅತ್ತ ನೋಡಿದ. ನೀರು ಇಳಿದು ಕೆಂಪು ಮಣ್ಣಿನ ದಿಬ್ಬಗಳು ಎದ್ದಿದ್ದವು. ಸೇತುವೆ ದಾಟಿದ ಮೇಲೆ ಚಹಾಕ್ಕೆ ನಿಲ್ಲಿಸಿದೆವು. ನಾನು ಅಂಗಡಿಯ ಒಳಗೆ, ಅವನು ಹೊರಗೆ. ಚಹಾ ಕುಡಿದು ಬಂದಾಗ ಅವನು ಟ್ರಾಲಿಯ ಹಿಂದೆ ಬಗ್ಗಿ ನಿಂತಿದ್ದ. ನಾನು ಬಿಗಿದದ್ದರ ಮೇಲೆ ಇನ್ನೂ ನಂಬಿಕೆಯಿಲ್ಲ ಇವನಿಗೆ, ಸರಪಳಿ ಎಳೆದು ನೋಡುತ್ತಿದ್ದಾನೆ ಎಂದು ಹಲ್ಲು ಕಚ್ಚಿಕೊಂಡು ನನ್ನ ಸೀಟಿನಲ್ಲಿ ಹೋಗಿ ಕೂತೆ. ಸರಪಳಿ ಇರುವುದು ಟ್ರಾಲಿಯ ಮುಂದೆ, ಹಿಂದೆ ಅಲ್ಲ. ಅಷ್ಟು ವರ್ಷ ಅದನ್ನು ಕೈಯಾರೆ ಬಿಗಿದ ನನಗೆ ಆ ಹೊತ್ತಿನಲ್ಲಿ ಇದು ನೆನಪಾಗಲಿಲ್ಲ.

ಹೊಸ ಮನೆ ರಸ್ತೆಗಿಂತ ತಗ್ಗಿನಲ್ಲಿತ್ತು. ರಸ್ತೆಯಿಂದ ಅಂಗಳಕ್ಕೆ ಇಳಿಯಲು ಹೊಸದಾಗಿ ಮಣ್ಣು ತುಂಬಿ ದಾರಿ ಮಾಡಿದ್ದರು. ದಾರಿಯ ಒಂದು ಬದಿಗೆ ಎತ್ತರದ ಮಣ್ಣಿನ ಧರೆ, ಇನ್ನೊಂದು ಬದಿಗೆ ಒಂದಾಳು ತಗ್ಗಿನಲ್ಲಿ ಗದ್ದೆ. ಹಿಂದಿನ ದಿನವಷ್ಟೇ ಅಕಾಲದ ಅಡ್ಡಮಳೆ ಬಿದ್ದಿತ್ತು. ಟ್ರಾಲಿ ಹಿಂದುಹಿಂದಾಗಿ ಕೆಳಗಿಳಿಯಬೇಕು. ಎಂದಿನಂತೆ ನಾನು ಇಳಿದು, ಹೆಗಲಿಗೆ ಟವೆಲು ಹಾಕಿಕೊಂಡು, ಚಪ್ಪರದ ಜಾಗ ನೋಡಲು ಹೊರಟೆ.

ಹಿಂದಿನಿಂದ ಹಾರ್ನು ಕೇಳಿಸಿತು. ಸಣ್ಣದು. ತಿರುಗಿ ನೋಡಿದೆ. ಗಾಡಿ ದಾರಿಯ ತುದಿಯಲ್ಲಿ ನಿಂತಿತ್ತು, ಎಂಜಿನ್ ಓಡುತ್ತಲೇ ಇತ್ತು. ಅಣ್ಣ ಇಳಿಯಲಿಲ್ಲ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಇನ್ನೊಂದು ಹಾರ್ನು. ಬೇಕಾದರೆ ಬಾಯಿಬಿಟ್ಟು ಕರೆಯಲಿ, ನಾನೇನು ಹಾರ್ನಿಗೆ ಓಡಿ ಬರುವ ಕ್ಲೀನರ್ ಅಲ್ಲ ಎಂದು ಮನಸ್ಸು ಹೇಳಿತು. ಆದರೂ ಕಾಲು ಹೋಯಿತು. ಟ್ರಾಲಿಯ ಹಿಂದೆ ಹೋಗಿ ನೋಡಿದರೆ ಕ್ಯಾಮೆರಾದ ಕಣ್ಣಿಗೆ ಏನೋ ಬೆಳ್ಳಗೆ ಮೆತ್ತಿತ್ತು. ಓಹೋ, ಇದಕ್ಕಾ ಹಾರ್ನು, ಸ್ಕ್ರೀನು ಕಾಣುತ್ತಿಲ್ಲ ಸಾಹೇಬರಿಗೆ ಎಂದುಕೊಂಡೆ. ಹೆಗಲ ಮೇಲಿನ ಟವೆಲು ತೆಗೆದು, ಉಗುಳು ಹಚ್ಚಿ, ಚೆನ್ನಾಗಿ ತಿಕ್ಕಿ ಒರೆಸಿದೆ. ಟ್ರಾಲಿಯ ತಗಡಿಗೆ ಎರಡು ಸಲ ಕೈಯಿಂದ ತಟ್ಟಿದೆ. ಸರಿಹೋಯಿತು, ಇನ್ನು ನೀನುಂಟು ನಿನ್ನ ಸ್ಕ್ರೀನುಂಟು ಎಂದರ್ಥ. ತಟ್ಟಿ, ಬೆನ್ನು ಹಾಕಿ ನಡೆದೆ.

ಗಾಡಿ ತಕ್ಷಣ ಹೊರಡಲಿಲ್ಲ. ನಾನು ಅಂಗಳ ಮುಟ್ಟುವ ತನಕವೂ ಎಂಜಿನ್ ಹಾಗೇ ಓಡುತ್ತಿತ್ತು. ಆಮೇಲೆ ಗೇರು ಬಿದ್ದ ಸದ್ದು ಬಂತು.

ಮನೆಯ ಹೆಂಗಸೊಬ್ಬರು "ಅಯ್ಯೋ!" ಎಂದು ಕೂಗಿದಾಗ ತಿರುಗಿದೆ. ಟ್ರಾಲಿಯ ಎಡಚಕ್ರದ ಕೆಳಗಿನ ಹೊಸ ಮಣ್ಣು ಸದ್ದಿಲ್ಲದೆ ಕುಸಿಯುತ್ತಿತ್ತು. ಜನರೇಟರ್ ನಿಧಾನಕ್ಕೆ, ಬಹಳ ನಿಧಾನಕ್ಕೆ ವಾಲಿ ಗದ್ದೆಗೆ ಮಗುಚಿತು. ಪಿನ್ನು ಮುರಿಯಿತು, ಸರಪಳಿ ಮುರಿಯಲಿಲ್ಲ. ಸರಪಳಿ ಎಳೆದ ಎಳೆತಕ್ಕೆ ಪಿಕಪ್ಪಿನ ಹಿಂಬದಿ ಅಂಚಿಗೆ ಜಾರಿ ನಿಂತಿತು. ನಾನು ಓಡಿ ಹೋಗಿ, ಕೈಗೆ ಸಿಕ್ಕಿದ ಕಲ್ಲುಗಳನ್ನು ಚಕ್ರಗಳ ಹಿಂದೆ ಕೊಟ್ಟೆ. ಆಗಲೂ ನನ್ನ ಬಾಯಿಂದ ಒಂದು ಶಬ್ದ ಬರಲಿಲ್ಲ. "ಅಣ್ಣಾ, ಇಳಿ" ಎಂದು ಕೂಗಿದ್ದು ಆ ಮನೆಯ ಯಜಮಾನರು, ನಾನಲ್ಲ.

ಅಣ್ಣ ಇಳಿದ. ಏನೂ ಆಗಿರಲಿಲ್ಲ ಅವನಿಗೆ. ಗದ್ದೆಯಲ್ಲಿ ಪಕ್ಕೆಯ ಮೇಲೆ ಬಿದ್ದಿದ್ದ ಜನರೇಟರನ್ನೂ ಅದರಿಂದ ಮಣ್ಣಿಗೆ ಇಂಗುತ್ತಿದ್ದ ಡೀಸೆಲನ್ನೂ ನೋಡುತ್ತ ಧರೆಯ ಬದಿಗೆ ಕೂತ. ಅಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಹೊರೆಯೂ ನೆಲಕ್ಕೆ ಬಿದ್ದಿರಲಿಲ್ಲ. ಜನ ಸೇರಿದರು, ಜೆಸಿಬಿ ತರಿಸೋಣ ಎಂದರು, ಜೀವಕ್ಕೇನೂ ಆಗಲಿಲ್ಲವಲ್ಲ ಎಂದು ಸಮಾಧಾನ ಹೇಳಿದರು. ನಾನು ಹತ್ತಿರ ಹೋಗಿ ನಿಂತೆ. ಆಗ ಅಣ್ಣ ಮುಖ ಎತ್ತಿ, ನೇರ ನನಗೇ ಹೇಳಿದ.

"ತಮ್ಮನ್ ಸೈಡು ಮೆತ್ತಗಿತ್ತು. ನೀ ಒಂದ್ ಮಾತು ಹೇಳ್ಬೋದಿತ್ತಲ ಮಾರಾಯಾ."

ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಅವನ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಯಾರು ಮೊದಲು ಮಾತಾಡಬೇಕು ಎಂದು ನಾನು ವರ್ಷಗಟ್ಟಲೆ ಕಾದಿದ್ದೆನೋ ಅವನೇ ಮೊದಲು ಮಾತಾಡಿದ್ದ. ನನ್ನ ಹಟ ನಡೆದಿತ್ತು. ಜೆಸಿಬಿಯವನು ಬಂದಾಗ ದಾರಿ ತೋರಿಸುವ ನೆಪದಲ್ಲಿ ಅಲ್ಲಿಂದ ಹೊರಟುಬಿಟ್ಟೆ. ಆ ರಾತ್ರಿ ಆ ಮನೆಯಲ್ಲಿ ಕರೆಂಟು ಒಂದು ಸಲವೂ ಹೋಗಲಿಲ್ಲವಂತೆ.

ಮಾರನೆಯ ದಿನ ಹೆಂಡತಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಕೂಗಿದಳು. "ಇದೆಂತದ್ರೀ, ಟವೆಲಿಗೆ ಸುಣ್ಣ ಮೆತ್ಕಂಡಿದ್ದೀರಿ? ಎಲೆಯಡಿಕೆ ಶುರು ಮಾಡಿದ್ರಾ?"

"ಎಂತ ಸುಣ್ಣ? ರಸ್ತೆ ಕೆಸರು ಇರ್ಬೇಕು, ಇಲ್ಲಾ ಹಕ್ಕಿ ಹಿಕ್ಕೆ" ಎಂದೆ.

"ಎಲೆಗೆ ಹಚ್ಚೋ ಸುಣ್ಣ ನಂಗೆ ಗೊತ್ತಾಗದಿಲ್ವಾ? ಮೂಸಿ ನೋಡಿ ಬೇಕಾದ್ರೆ."

ಮೂಸಿ ನೋಡಿದೆ. ನಾನು ಎಲೆಯಡಿಕೆ ಹಾಕುವವನಲ್ಲ. ಗಾಡಿಯಲ್ಲಿ ಸುಣ್ಣದ ಡಬ್ಬಿ ಇರುವುದು ಒಬ್ಬನ ಕಿಸೆಯಲ್ಲಿ ಮಾತ್ರ. ಕ್ಯಾಮೆರಾದ ಕಣ್ಣು ಆಗ ನನ್ನ ಕಣ್ಣ ಮುಂದೆ ಬಂತು. ಕೆಸರು ಸಿಡಿದದ್ದಾದರೆ ಸುತ್ತಲೂ ಸಿಡಿದಿರಬೇಕಿತ್ತು. ಆ ಬಿಳಿ ಇದ್ದದ್ದು ಗುಂಡಿಯಷ್ಟಗಲದ ಗಾಜಿನ ಮೇಲೆ ಮಾತ್ರ, ಎಲೆಯ ಬೆನ್ನಿಗೆ ಬೆರಳಿನಲ್ಲಿ ಸವರಿದ ಹಾಗೆ, ತೆಳ್ಳಗೆ, ಅಂಚಿನ ತನಕ. ಚಹಾದ ಅಂಗಡಿಯ ಎದುರು ಅವನು ಬಗ್ಗಿ ನಿಂತಿದ್ದು ಟ್ರಾಲಿಯ ಹಿಂದೆ. ಸ್ಕ್ರೀನು ಕುರುಡಾದರೆ ಹಿಂದೆ ನಿಂತು ಕೂಗುವವನು ಬೇಕಾಗುತ್ತಾನೆ.

ಹೆಂಡತಿ ಏನೋ ಕೇಳುತ್ತಲೇ ಇದ್ದಳು. ನಾನು ಒದ್ದೆ ಟವೆಲು ಹಿಡಿದುಕೊಂಡು ಕಲ್ಲಿನ ಮೇಲೆ ಕೂತೆ. ಅಳು ಬಂತು. ಮರೆಮಾಚಲು ಆಗಲಿಲ್ಲ, ಮರೆಮಾಚಲು ನೋಡಲೂ ಇಲ್ಲ.

ಜನರೇಟರನ್ನು ರಿಪೇರಿ ಮಾಡಿಸಿ, ಟ್ರಾಲಿಯ ಸಮೇತ ಅಣ್ಣ ತೀರ್ಥಹಳ್ಳಿಯ ಕಡೆಯವರಿಗೆ ಕೊಟ್ಟುಬಿಟ್ಟ. ಇನ್ನು ಸಾಕು ಎಂದ. ಈಗ ನಮ್ಮದು ಕುರ್ಚಿ, ಪಾತ್ರೆ ಮಾತ್ರ. ಬೇಕಾದವರು ತಾವೇ ಆಟೋ ತಂದು ತುಂಬಿಕೊಂಡು ಹೋಗುತ್ತಾರೆ. ಹಿಂದೆ ಬಿಡುವಂಥದ್ದು ಏನೂ ಉಳಿದಿಲ್ಲ. ಮಾತಾಡುತ್ತೇವೆ. "ಊಟ ಆತಾ", "ಮಳೆ ಹೇಗೆ", "ಶುಗರ್ ಎಷ್ಟಿತ್ತು" ಎಂದು ನೆರೆಮನೆಯವರು ಕೇಳುವಂತೆ ಕೇಳಿಕೊಳ್ಳುತ್ತೇವೆ. ಸುಣ್ಣದ ವಿಷಯ ಅವನು ಎತ್ತಿಲ್ಲ. ಎತ್ತಬೇಕೆಂದು ನಾನು ಎಷ್ಟೋ ಸಂಜೆ ಅಂಗಳ ದಾಟಿ ಅವನ ಜಗಲಿಯ ತನಕ ಹೋಗಿದ್ದೇನೆ, ಹೋಗಿ ಶುಗರ್ ಕೇಳಿಕೊಂಡು ಬಂದಿದ್ದೇನೆ.

ಅಣ್ಣತಮ್ಮಂದಿರ ಮೌನ ಮುರಿದ ಕಥೆಯನ್ನು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಾರೆ. ಆ ದಿನ ಗದ್ದೆಯ ಬದಿಯಲ್ಲಿ ಮೊದಲು ಮಾತಾಡಿದ್ದು ಅಣ್ಣನೇ, ದೊಡ್ಡವರು ದೊಡ್ಡವರೇ ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಆದರೆ ಅವನು ಮೊದಲು ಮಾತಾಡಿದ್ದು ಗದ್ದೆಯ ಬದಿಯಲ್ಲಲ್ಲ. ಅದಕ್ಕೂ ಮೊದಲೇ, ಚಹಾದ ಅಂಗಡಿಯ ಎದುರು, ಬೆರಳಿನ ತುದಿಯಲ್ಲಿ ಆಡಿದ್ದ. ಆ ಮಾತನ್ನು ನಾನು ಉಗುಳು ಹಚ್ಚಿ ಒರೆಸಿ ಹಾಕಿದ್ದೆ.